ಪೋಷಕ ಪಾತ್ರ

2016ರ ದಸರಾ ರಜೆಗೆ ಹಾಸ್ಟೆಲಿನಿಂದ ಬಂದ ನನ್ನ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ತಂದಿದ್ದಳು. "ಅಮ್ಮಾ, ಇದು ಗಣಿತದ ಪ್ರೊಫೆಸರ್ ಒಬ್ಬರ ಕಥೆ. ನಿಜವಾಗಿ ನಡೆದದ್ದು. ಬಾ, ಕೂತ್ಕೋ" ಎಂದಳು. ಸಂಜೆ ಗೊಂಬೆ ನೋಡಲು ಬರುವ ಮಕ್ಕಳಿಗೆ ಕಡಲೆಕಾಳು ಉಸಲಿ ಮಾಡುವುದಿತ್ತು. ಸ್ವಲ್ಪ ಹೊತ್ತು ನೋಡಿ ಎದ್ದರಾಯಿತು ಎಂದುಕೊಂಡು ಕೂತವಳು ಮುಗಿಯುವವರೆಗೂ ಏಳಲಿಲ್ಲ. ಚಿತ್ರದ ಹೆಸರು 'ಎ ಬ್ಯೂಟಿಫುಲ್ ಮೈಂಡ್'. 2001ರ ಕೊನೆಯಲ್ಲಿ ಬಿಡುಗಡೆಯಾದದ್ದು. ಜಾನ್ ನ್ಯಾಶ್ ಎಂಬ ಅಮೆರಿಕದ ಗಣಿತಜ್ಞನಿಗೆ ಯೌವನದಲ್ಲೇ ಮನೋರೋಗ ಬಂದು, ಆತ ದಶಕಗಳ ಕಾಲ ಅದರೊಂದಿಗೆ ಬದುಕಿ, ಕೊನೆಗೆ ನೊಬೆಲ್ ಪ್ರಶಸ್ತಿ ಪಡೆದ ಕಥೆ.

ಅದರಲ್ಲೊಂದು ದೃಶ್ಯವಿದೆ. ಗಂಡನನ್ನು ಕಾಯುತ್ತಾ ಕಾಯುತ್ತಾ ಸೋತುಹೋದ ಹೆಂಡತಿ ಬಚ್ಚಲುಮನೆಗೆ ಹೋಗಿ ಲೋಟವನ್ನೆತ್ತಿ ಕನ್ನಡಿಗೆ ಬೀಸುತ್ತಾಳೆ, ಕಿರುಚುತ್ತಾಳೆ. ಆ ಹೊತ್ತಿನಲ್ಲಿ ನನಗೆ ಅಮೆರಿಕವೂ ಮರೆಯಿತು, ಗಣಿತವೂ ಮರೆಯಿತು. ಅರಸೀಕೆರೆಯ ನಮ್ಮ ತವರುಮನೆಯ ಹಿತ್ತಲು, ಅಲ್ಲಿ ಒಗೆಯುವ ಕಲ್ಲಿನ ಮೇಲೆ ಬಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕುಕ್ಕುತ್ತಿದ್ದ ನನ್ನ ಚಿಕ್ಕಮ್ಮ ಕಣ್ಣೆದುರು ಬಂದರು. ಚಿಕ್ಕಮ್ಮನ ವಿಷಯವನ್ನು ಮುಂದೆ ಹೇಳುತ್ತೇನೆ.

ಚಿತ್ರ ಮುಗಿದ ಮೇಲೆ ಕಣ್ಣೊರೆಸಿಕೊಳ್ಳುತ್ತಾ, "ಆ ಪೆನ್ನುಗಳ ದೃಶ್ಯ ಎಷ್ಟು ಚೆನ್ನಾಗಿತ್ತು" ಎಂದೆ. ವಯಸ್ಸಾದ ನ್ಯಾಶ್ ಕೂತಿರುವ ಮೇಜಿಗೆ ಉಳಿದ ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಬಂದು ಗೌರವಕ್ಕಾಗಿ ತಮ್ಮ ಪೆನ್ನುಗಳನ್ನಿಟ್ಟು ಹೋಗುತ್ತಾರೆ. "ಅಮ್ಮಾ, ಅದು ಕಟ್ಟುಕಥೆ. ಪ್ರಿನ್ಸ್‌ಟನ್ನಿನಲ್ಲಿ ಅಂಥ ಪದ್ಧತಿಯೇ ಇಲ್ಲ" ಎಂದಳು ಮಗಳು. ಇಷ್ಟು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಹೇಳಿದವಳು ನಾನು. 'ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಯಾವುದನ್ನು ಬಿಟ್ಟು ಹೇಳಿದ್ದು' ಎಂದು ಕೇಳಿ ಎಂದು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ಹಾಗಾದರೆ ಈ ಚಿತ್ರ ಬಿಟ್ಟದ್ದೇನು ಎಂಬ ಹಟ ನನಗೂ ಬಂತು. ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದ ಹಾಗೆ ನನಗೆ ಹತ್ತಿರವಾದವಳು ನ್ಯಾಶ್ ಅಲ್ಲ, ಆತನ ಹೆಂಡತಿ ಅಲಿಸಿಯಾ.

ಮೊದಲು ಆತನ ಕಥೆ. ಜಾನ್ ನ್ಯಾಶ್ ಹುಟ್ಟಿದ್ದು 1928ರ ಜೂನ್ 13ರಂದು, ವೆಸ್ಟ್ ವರ್ಜೀನಿಯಾ ರಾಜ್ಯದ ಬ್ಲೂಫೀಲ್ಡ್ ಎಂಬ ಊರಿನಲ್ಲಿ. ತಂದೆ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್. ತಾಯಿ ಮದುವೆಗೆ ಮುಂಚೆ ನನ್ನ ಹಾಗೆಯೇ ಶಾಲೆಯ ಟೀಚರು. ಹುಡುಗ ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಸ್ಥೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಸೇರಿ, ಅದನ್ನು ಬಿಟ್ಟು ರಸಾಯನಶಾಸ್ತ್ರ, ಅದನ್ನೂ ಬಿಟ್ಟು ಗಣಿತಕ್ಕೆ ಬಂದ. 1948ರಲ್ಲಿ ಪ್ರಿನ್ಸ್‌ಟನ್ನಿಗೆ ಹೋಗುವಾಗ ಗುರುಗಳು ಕೊಟ್ಟ ಶಿಫಾರಸು ಪತ್ರದ ಸಾರ ಒಂದೇ ಮಾತು: ಈತ ಗಣಿತದ ಮೇಧಾವಿ. 1950ರಲ್ಲಿ, ಇಪ್ಪತ್ತೆರಡು ತುಂಬುವ ಹೊತ್ತಿಗೆ, ಡಾಕ್ಟರೇಟ್ ಕೂಡ ಆಯಿತು. ಆ ಪ್ರಬಂಧ ಇದ್ದದ್ದು ಇಪ್ಪತ್ತೆಂಟೇ ಪುಟ. ನಲವತ್ತನಾಲ್ಕು ವರ್ಷಗಳ ನಂತರ ಅದಕ್ಕೇ ನೊಬೆಲ್ ಬಂತು.

ಆ ಪುಟಗಳಲ್ಲಿ ಏನಿತ್ತು ಎಂಬುದು ಬಿ.ಎ. ಓದಿದ ನನಗೆ ಪೂರ್ತಿ ತಿಳಿಯುವಂಥದ್ದಲ್ಲ. ನಮ್ಮ ಶಾಲೆಯ ಗಣಿತದ ಮೇಡಂ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಬಿಡಿಸಿ ಹೇಳಿದರು. ನಮ್ಮ ಶಾಲಾ ವಾರ್ಷಿಕೋತ್ಸವವನ್ನೇ ನೆನೆಸಿಕೊಳ್ಳಿ. ಮಕ್ಕಳ ಡ್ಯಾನ್ಸ್ ಶುರುವಾಗುತ್ತಿದ್ದಂತೆ ಮುಂದಿನ ಸಾಲಿನವರೊಬ್ಬರು ಫೋಟೋಗೆಂದು ಎದ್ದು ನಿಲ್ಲುತ್ತಾರೆ. ಅವರಿಂದ ಹಿಂದಿನವರಿಗೆ ಕಾಣದೆ ಅವರೂ ನಿಲ್ಲುತ್ತಾರೆ. ಕೊನೆಗೆ ಶಾಮಿಯಾನದ ಅಡಿಯಲ್ಲಿ ಎಲ್ಲರೂ ನಿಂತೇ ಇರುತ್ತಾರೆ. ಎಲ್ಲರಿಗೂ ಕಾಲುನೋವು. ಎಲ್ಲರೂ ಕೂತರೆ ಎಲ್ಲರಿಗೂ ಕಾಣುತ್ತದೆ, ಅದೂ ಎಲ್ಲರಿಗೂ ಗೊತ್ತು. ಆದರೆ ಒಬ್ಬರೇ ಕೂತರೆ ಅವರಿಗೆ ಏನೂ ಕಾಣುವುದಿಲ್ಲ. ಅದಕ್ಕೇ ಯಾರೂ ಕೂರುವುದಿಲ್ಲ. ಉಳಿದವರು ಹೀಗೇ ಇರುವಾಗ ತಾನೊಬ್ಬನೇ ಬದಲಾದರೆ ಯಾರಿಗೂ ಲಾಭವಿಲ್ಲದ ಈ ಸ್ಥಿತಿಗೆ 'ನ್ಯಾಶ್ ಸಮತೋಲನ' ಎಂದು ಹೆಸರು. ಅದು ಒಳ್ಳೆಯದೇ ಆಗಿರಬೇಕೆಂದಿಲ್ಲ, ಆದರೆ ಅಲ್ಲಾಡುವುದಿಲ್ಲ. ಎಷ್ಟು ಜನ ಇರುವ ಆಟವಾದರೂ, ಅಲ್ಲಿ ಇಂಥದೊಂದು ಸ್ಥಿತಿ ಇದ್ದೇ ಇರುತ್ತದೆ ಎಂದು ಆ ಹುಡುಗ ಸಾಧಿಸಿ ತೋರಿಸಿದ. ವ್ಯಾಪಾರಿಗಳ ಬೆಲೆ ಪೈಪೋಟಿಗೂ ದೇಶಗಳ ಶಸ್ತ್ರಾಸ್ತ್ರ ಪೈಪೋಟಿಗೂ ಆ ವಿಚಾರ ಅನ್ವಯವಾಯಿತು. ಮೇಡಂ ಹೇಳಿದ ಈ ಉದಾಹರಣೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1951ರಿಂದ ನ್ಯಾಶ್ ಎಂ.ಐ.ಟಿ.ಯಲ್ಲಿ ಅಧ್ಯಾಪಕ. ಅಲ್ಲಿ ಆತನ ತರಗತಿಯಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಕೂರುತ್ತಿದ್ದಳು. ಅವಳೇ ಅಲಿಸಿಯಾ ಲಾರ್ಡೆ. 1933ರ ಹೊಸವರ್ಷದ ದಿನ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ ಹುಟ್ಟಿದವಳು. ಹನ್ನೊಂದರ ವಯಸ್ಸಿನಲ್ಲಿ ಮನೆಯವರೊಂದಿಗೆ ಅಮೆರಿಕಕ್ಕೆ ಬಂದಳು. ಮೇರಿ ಕ್ಯೂರಿಯಂತೆ ವಿಜ್ಞಾನಿಯಾಗಬೇಕೆಂಬುದು ಆಕೆಯ ಆಸೆ. ಹೆಣ್ಣುಮಕ್ಕಳನ್ನು ಬೆರಳೆಣಿಕೆಯಲ್ಲಿ ಎಣಿಸಬಹುದಾಗಿದ್ದ ಆ ಕಾಲೇಜಿನಲ್ಲಿ 1955ರಲ್ಲಿ ಪದವಿ ಪಡೆದಳು. ಎತ್ತರದ, ಸುಂದರ ಮೇಷ್ಟ್ರ ಮೇಲೆ ಮನಸ್ಸಾಗಿ, ಆತ ಬರುತ್ತಿದ್ದ ಸಂಗೀತ ಗ್ರಂಥಾಲಯದಲ್ಲೇ ಕೆಲಸ ಹಿಡಿದಳಂತೆ. 1957ರ ಫೆಬ್ರವರಿಯಲ್ಲಿ ಮದುವೆಯಾಯಿತು.

ಎರಡು ವರ್ಷ ತುಂಬುವಷ್ಟರಲ್ಲಿ ಎಲ್ಲವೂ ಮುರಿದುಬಿತ್ತು. 1959ರ ಆರಂಭದಲ್ಲಿ ನ್ಯಾಶ್ ವೃತ್ತಪತ್ರಿಕೆ ಹಿಡಿದು ಸಹೋದ್ಯೋಗಿಗಳ ಕೋಣೆಗೆ ಬಂದು, ಇದರಲ್ಲಿ ಬೇರೆ ಲೋಕದವರು ನನಗೆ ಗುಪ್ತ ಸಂದೇಶ ಕಳಿಸಿದ್ದಾರೆ ಎಂದ. ಎಲ್ಲರೂ ತಮಾಷೆ ಎಂದುಕೊಂಡರು. ಫೆಬ್ರವರಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ದೊಡ್ಡ ದೊಡ್ಡ ಗಣಿತಜ್ಞರ ಎದುರು ಕೊಟ್ಟ ಉಪನ್ಯಾಸಕ್ಕೆ ತಲೆ ಬುಡ ಇರಲಿಲ್ಲ. ಷಿಕಾಗೋ ವಿಶ್ವವಿದ್ಯಾಲಯ ಕೆಲಸಕ್ಕೆ ಕರೆದರೆ, ನಾನು ಅಂಟಾರ್ಕ್ಟಿಕಾದ ಚಕ್ರವರ್ತಿಯಾಗಲಿದ್ದೇನೆ, ಬರಲಾಗುವುದಿಲ್ಲ ಎಂದು ಉತ್ತರ ಬರೆದ. ಆಗ ಅಲಿಸಿಯಾಗೆ ವಯಸ್ಸು ಇಪ್ಪತ್ತಾರು. ತುಂಬಿದ ಗರ್ಭಿಣಿ. ಗಂಡನನ್ನು ಆತನ ಇಷ್ಟಕ್ಕೆ ವಿರುದ್ಧವಾಗಿ ಮೆಕ್ಲೀನ್ ಆಸ್ಪತ್ರೆಗೆ ಸೇರಿಸುವ ತೀರ್ಮಾನ ಆಕೆಯೇ ತೆಗೆದುಕೊಳ್ಳಬೇಕಾಯಿತು. ಸ್ಕಿಜೋಫ್ರೀನಿಯಾ ಎಂದರು ವೈದ್ಯರು. ಇಲ್ಲದ ದನಿಗಳು ಕೇಳುವುದು, ಇಲ್ಲದ ಸಂಚುಗಳು ಕಾಣುವುದು, ಯೋಚನೆಯ ಎಳೆಗಳೇ ಸಿಕ್ಕುಸಿಕ್ಕಾಗುವುದು ಆ ಕಾಯಿಲೆಯ ಲಕ್ಷಣ.

ಆಸ್ಪತ್ರೆಗೆ ನೋಡಲು ಹೋದ ಗಣಿತಜ್ಞರೊಬ್ಬರು ಕೇಳಿದರಂತೆ: ತರ್ಕವನ್ನೇ ಉಸಿರಾಡುವ ನೀನು ಇಂಥದ್ದನ್ನೆಲ್ಲ ಹೇಗೆ ನಂಬಿದೆ? ನನ್ನ ಗಣಿತದ ವಿಚಾರಗಳು ಬಂದ ದಾರಿಯಲ್ಲೇ ಇವೂ ಬಂದವು, ಅದಕ್ಕೇ ನಂಬಿದೆ ಎಂಬರ್ಥದ ಉತ್ತರ ಕೊಟ್ಟ ನ್ಯಾಶ್. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಕಾಯಿಲೆಯವರಿಗೆ 'ಸ್ವಲ್ಪ ಬುದ್ಧಿ ಉಪಯೋಗಿಸು' ಎಂದು ಹೇಳುವ ನಾವು ಎಂಥ ದಡ್ಡರು! ಅವರು ಉಪಯೋಗಿಸುತ್ತಿರುವುದೂ ಅದೇ ಬುದ್ಧಿಯನ್ನೇ.

ಆಸ್ಪತ್ರೆಯಲ್ಲಿ ಐವತ್ತು ದಿನ ಕಳೆಯಿತು. ಆ ನಡುವೆ ಮೇ ತಿಂಗಳಲ್ಲಿ ಗಂಡುಮಗು ಹುಟ್ಟಿತು. ಮಗುವಿಗೆ ಹೆಸರಿಡುವುದರಲ್ಲಿ ತಂದೆಯೂ ಇರಲಿ ಎಂದು ಅಲಿಸಿಯಾ ಸುಮಾರು ಒಂದು ವರ್ಷ ಹೆಸರಿಡದೆ ಕಾದಳು. ನಮ್ಮಲ್ಲಿ ಹನ್ನೊಂದನೇ ದಿನ ಆಗದಿದ್ದರೆ ಮೂರನೇ ತಿಂಗಳಿಗಾದರೂ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತೇವೆ. ಒಂದು ವರ್ಷ ಮಗುವನ್ನು ಹೆಸರಿಲ್ಲದೆ ಎತ್ತಿಕೊಂಡು ಓಡಾಡಿದ ತಾಯಿಯ ಮನಸ್ಸು ಹೇಗಿದ್ದೀತು? ಬಿಡುಗಡೆಯಾದ ನ್ಯಾಶ್ ಕೆಲಸ ಬಿಟ್ಟು ಯೂರೋಪಿಗೆ ಹೊರಟ. ಅಮೆರಿಕದ ಪೌರತ್ವವೇ ಬೇಡವೆಂದು ಜಿನೀವಾದಲ್ಲಿ ಅಲೆದ. ಅಲಿಸಿಯಾ ಮಗುವನ್ನು ತನ್ನ ತಾಯಿಗೆ ಒಪ್ಪಿಸಿ ಅವನ ಹಿಂದೆ ಹೋದಳು. 1961ರಲ್ಲಿ ಟ್ರೆಂಟನ್ನಿನ ಸರ್ಕಾರಿ ಆಸ್ಪತ್ರೆ. ಅಲ್ಲಿ ಆರು ವಾರ ಇನ್ಸುಲಿನ್ ಚಿಕಿತ್ಸೆ ನಡೆಯಿತು. ರಕ್ತದ ಸಕ್ಕರೆಯನ್ನು ಇಳಿಸಿ ಇಳಿಸಿ ರೋಗಿಯನ್ನು ಪ್ರಜ್ಞೆ ತಪ್ಪಿಸುವುದು, ಮತ್ತೆ ಗ್ಲೂಕೋಸ್ ಕೊಟ್ಟು ಎಬ್ಬಿಸುವುದು. ಈಗ ಆ ಚಿಕಿತ್ಸೆಯನ್ನು ಕೈಬಿಟ್ಟಿದ್ದಾರೆ. ಆತನನ್ನು ಅಲ್ಲಿಗೆ ಸೇರಿಸಿದ ಮೂವರೂ ಹೆಂಗಸರೇ: ಹೆಂಡತಿ, ತಾಯಿ, ತಂಗಿ. ನ್ಯಾಶ್ ಅದನ್ನು ಕ್ಷಮಿಸಲಿಲ್ಲ. 1963ರಲ್ಲಿ ವಿಚ್ಛೇದನವಾಯಿತು.

ನೋಡಿ, ಚಿತ್ರದಲ್ಲಿ ಈ ವಿಚ್ಛೇದನವೇ ಇಲ್ಲ! ಅಲ್ಲಿ ಅಲಿಸಿಯಾ ಒಂದು ದಿನವೂ ಬಿಟ್ಟುಹೋಗದ ಪತಿವ್ರತೆ. ಚಿತ್ರದ ಕೊನೆಯಲ್ಲಿ ನ್ಯಾಶ್ ಸ್ಟಾಕ್‌ಹೋಮಿನ ವೇದಿಕೆಯಲ್ಲಿ ಹೆಂಡತಿಯ ಪ್ರೀತಿಯನ್ನು ಕೊಂಡಾಡಿ ಭಾಷಣ ಮಾಡುತ್ತಾನೆ. ನಿಜವಾಗಿ ಅಲ್ಲಿ ಆತ ಅಂಥ ಭಾಷಣ ಮಾಡಲೇ ಇಲ್ಲ. ಪ್ರಶಸ್ತಿ ಪಡೆದವರು ಕೊಡುವ ವಾಡಿಕೆಯ ಉಪನ್ಯಾಸಕ್ಕೂ ಆತನನ್ನು ಕರೆದಿರಲಿಲ್ಲ. ಅಲಿಸಿಯಾಗೂ ಮುಂಚೆ ನ್ಯಾಶ್‌ಗೆ ಎಲಿನರ್ ಎಂಬ ನರ್ಸ್ ಜೊತೆ ಸಂಬಂಧವಿತ್ತು. 1953ರಲ್ಲಿ ಅವಳಿಗೆ ಮಗನೂ ಹುಟ್ಟಿದ್ದ. ಆ ತಾಯಿ ಮಗುವನ್ನು ನ್ಯಾಶ್ ಕೈಬಿಟ್ಟಿದ್ದ. ಅದು ಕಾಯಿಲೆಗಿಂತ ಮುಂಚಿನ ಮಾತು, ಅದನ್ನು ಕಾಯಿಲೆಯ ತಲೆಗೆ ಕಟ್ಟುವಂತಿಲ್ಲ. ಚಿತ್ರ ಅವಳನ್ನೂ ಬಿಟ್ಟಿತು. ಅಲಿಸಿಯಾ ಎಲ್ ಸಾಲ್ವಡಾರಿನಿಂದ ಬಂದವಳೆಂಬುದನ್ನೂ ಬಿಟ್ಟಿತು. ಚಿತ್ರದಲ್ಲಿ ನ್ಯಾಶ್‌ಗೆ ಕಾಣುವ ಗೆಳೆಯ, ಪುಟ್ಟ ಹುಡುಗಿ, ಗೂಢಚಾರ ಎಲ್ಲರೂ ಚಿತ್ರಕಥೆಯ ಸೃಷ್ಟಿ. ನಿಜದ ನ್ಯಾಶ್‌ಗೆ ಮುಖ್ಯವಾಗಿ ಕಾಡಿದ್ದು ಕಿವಿಯಲ್ಲಿ ಕೇಳುವ ದನಿಗಳು.

ಇನ್ನೊಂದು ಬದಲಾವಣೆ ಸಣ್ಣದಾದರೂ ತೂಕದ್ದು. ನ್ಯಾಶ್ 1970ರ ನಂತರ ಔಷಧಿ ತೆಗೆದುಕೊಳ್ಳಲಿಲ್ಲ. ಆದರೆ ಚಿತ್ರದಲ್ಲಿ ಮುದುಕನಾದ ನ್ಯಾಶ್ ತಾನು ಹೊಸ ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದೇನೆ ಎನ್ನುತ್ತಾನೆ. ಚಿತ್ರ ನೋಡಿ ಕಾಯಿಲೆಯವರು ಮಾತ್ರೆ ನಿಲ್ಲಿಸಿಬಿಟ್ಟಾರು ಎಂಬ ಭಯದಿಂದ ಹಾಗೆ ಬರೆದರು. ಚಿತ್ರಕಥೆ ಬರೆದ ಅಕೀವಾ ಗೋಲ್ಡ್ಸ್‌ಮನ್ ಅವರ ತಾಯಿ ಬ್ರೂಕ್ಲಿನ್‌ನಲ್ಲಿ ಇಂಥ ತೊಂದರೆಯ ಮಕ್ಕಳಿಗಾಗಿಯೇ ದುಡಿದವರು. ಅಂಥ ಮಕ್ಕಳ ನಡುವೆ ಬೆಳೆದವರಿಗೆ ಆ ಭಯ ಸಹಜ. ಇತಿಹಾಸದ ಟೀಚರಾಗಿ ನಾನು ಇದನ್ನು ಸುಳ್ಳು ಎನ್ನಬೇಕು. ಆದರೆ ಕಾಯಿಲೆಯವರಿದ್ದ ಮನೆಯ ಮಗಳಾಗಿ ಈ ಒಂದು ಸುಳ್ಳಿಗೆ ಕೈಮುಗಿಯುತ್ತೇನೆ. ನ್ಯಾಶ್‌ನಂತೆ ಮಾತ್ರೆಯಿಲ್ಲದೆ ಚೇತರಿಸಿಕೊಳ್ಳುವವರು ಕೆಲವರು. ಮಾತ್ರೆ ಬಿಟ್ಟು ಮತ್ತೆ ಕುಸಿದವರ ಸಂಖ್ಯೆ ದೊಡ್ಡದು. ವೈದ್ಯರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸಬಾರದು.

ಆದರೆ ವಿಚ್ಛೇದನವನ್ನು ಮುಚ್ಚಿಟ್ಟದ್ದು ಮಾತ್ರ ನನಗೆ ಸರಿಬರಲಿಲ್ಲ. ಏಕೆಂದರೆ ಅಲಿಸಿಯಾಳ ದೊಡ್ಡತನ ಇರುವುದೇ ವಿಚ್ಛೇದನದ ನಂತರ. 1969ರಲ್ಲಿ ನ್ಯಾಶ್‌ನ ತಾಯಿ ತೀರಿಕೊಂಡರು. ಆತನಿಗೆ ಹೋಗಲು ಜಾಗವಿಲ್ಲ. 1970ರಲ್ಲಿ ಅಲಿಸಿಯಾ ಆತನನ್ನು ತನ್ನ ಮನೆಗೆ ಕರೆತಂದಳು. ಗಂಡನೆಂದಲ್ಲ, ಊಟ ವಸತಿಗೆ ಇರುವ ಒಬ್ಬ ಮನುಷ್ಯನೆಂದು. ಮತ್ತೆ ಆಸ್ಪತ್ರೆಯ ಬೀಗದೊಳಗೆ ಇಡುವುದಕ್ಕಿಂತ ಶಾಂತವಾದ ಮನೆ, ಪರಿಚಯದ ಊರು ಆತನಿಗೆ ಒಳ್ಳೆಯದೆಂದು ಆಕೆ ನಂಬಿದಳು. ಪ್ರಿನ್ಸ್‌ಟನ್ ಜಂಕ್ಷನ್ ರೈಲು ನಿಲ್ದಾಣದ ಎದುರಿನ ಸಣ್ಣ ಮನೆ. ಭೌತವಿಜ್ಞಾನಿಯಾಗುವ ಕನಸು ಎಂದೋ ಹೋಗಿತ್ತು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ ಮಾಡಿ ಮನೆ ನಡೆಸಿದಳು. ಅವಳ ದುಡಿಮೆಯಲ್ಲಿ ಮಗನೂ ಬೆಳೆದ, ಮಾಜಿ ಗಂಡನೂ ಉಳಿದ. ಆ ಮಗನೂ ಗಣಿತದಲ್ಲೇ ಡಾಕ್ಟರೇಟ್ ಪಡೆದ. ಆದರೆ ತಂದೆಯ ಕಾಯಿಲೆ ಅವನಿಗೂ ಬಂದಿತ್ತು. ಒಂದೇ ಮನೆಯಲ್ಲಿ ಇಬ್ಬರನ್ನು ನೋಡಿಕೊಳ್ಳುವುದೆಂದರೇನು ಎಂಬುದು ಒಬ್ಬರನ್ನು ನೋಡಿಕೊಂಡವರಿಗೆ ತಿಳಿದೀತು.

ನ್ಯಾಶ್ ದಿನವಿಡೀ ವಿಶ್ವವಿದ್ಯಾಲಯದ ಆವರಣದಲ್ಲಿ ಓಡಾಡುತ್ತಿದ್ದ. ಕರಿಹಲಗೆಗಳ ಮೇಲೆ ಅರ್ಥವಾಗದ ಸಂಖ್ಯೆಗಳನ್ನು ಬರೆದು ಹೋಗುತ್ತಿದ್ದ. ಹುಡುಗರು 'ಗಣಿತ ವಿಭಾಗದ ಭೂತ' ಎಂದು ಹೆಸರಿಟ್ಟರೂ ಅಲ್ಲಿಂದ ಓಡಿಸುವವರು ಯಾರೂ ಇರಲಿಲ್ಲ. ಹಳೆಯ ಗೆಳೆಯರು ಮಾತಾಡಿಸುತ್ತಿದ್ದರು. ಮನೆಯಲ್ಲಿ ಒಂದು ತುತ್ತು, ಊರಿನಲ್ಲಿ ತಿರುಗಾಡಲು ಒಂದು ಜಾಗ. ಎಂಬತ್ತರ ದಶಕದಲ್ಲಿ ನಿಧಾನವಾಗಿ ಮನಸ್ಸು ತಿಳಿಯಾಗತೊಡಗಿತು. ಆತನ ಕಾಯಿಲೆಯ ಕಾರಣ ಪ್ರಶಸ್ತಿ ಕೊಡುವವರಲ್ಲೂ ಅಳುಕಿತ್ತು. ಆದರೂ 1994ರಲ್ಲಿ ಜಾನ್ ಹರ್ಸಾನಿ, ರೈನ್‌ಹಾರ್ಡ್ ಸೆಲ್ಟನ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಪತ್ರಕರ್ತೆ ಸಿಲ್ವಿಯಾ ನಾಸರ್ ಬರೆದ ಜೀವನಚರಿತ್ರೆ 1998ರಲ್ಲಿ ಪ್ರಕಟವಾಯಿತು. 2001ರ ಜೂನಿನಲ್ಲಿ ಇಬ್ಬರೂ ಮತ್ತೆ ಮದುವೆಯಾದರು. ಆ ವರ್ಷವೇ ಚಿತ್ರ ಬಂತು. ಮರುವರ್ಷ ಅದಕ್ಕೆ ನಾಲ್ಕು ಆಸ್ಕರ್. ಅಲಿಸಿಯಾ ಪಾತ್ರ ಮಾಡಿದ ಜೆನ್ನಿಫರ್ ಕಾನೆಲಿಗೆ ಸಿಕ್ಕಿದ್ದು 'ಪೋಷಕ ನಟಿ' ಪ್ರಶಸ್ತಿ. ನಮ್ಮ ಕನ್ನಡದ ಈ ಶಬ್ದ ಎಷ್ಟು ಸರಿಯಾಗಿದೆ! ಪಕ್ಕದ ಪಾತ್ರವೂ ಹೌದು, ಪೋಷಿಸಿದ ಪಾತ್ರವೂ ಹೌದು.

ಇದು ಅಮೆರಿಕದ ಕಥೆಯಾಯಿತು ಎನ್ನಬೇಡಿ. ನಮ್ಮ ದೇಶದಲ್ಲೂ ಒಬ್ಬರಿದ್ದರು. ವಶಿಷ್ಠ ನಾರಾಯಣ ಸಿಂಗ್, ಬಿಹಾರದ ಭೋಜಪುರ ಜಿಲ್ಲೆಯ ಬಸಂತಪುರದ ಹಳ್ಳಿಹುಡುಗ. ಅವರ ಬುದ್ಧಿ ಕಂಡು ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಕೆಲ್ಲಿ ಅಮೆರಿಕಕ್ಕೆ ಕರೆಸಿಕೊಂಡರು. 1969ರಲ್ಲಿ ಡಾಕ್ಟರೇಟ್ ಪಡೆದು ಭಾರತಕ್ಕೆ ಮರಳಿ ಕಾನ್ಪುರದ ಐ.ಐ.ಟಿ.ಯಂಥ ಸಂಸ್ಥೆಗಳಲ್ಲಿ ಪಾಠ ಹೇಳಿದರು. ಎಪ್ಪತ್ತರ ದಶಕದಲ್ಲಿ ಅವರಿಗೂ ಇದೇ ಕಾಯಿಲೆ ಬಂತು. ಮದುವೆ ಉಳಿಯಲಿಲ್ಲ. 1989ರಲ್ಲಿ ರೈಲು ಪ್ರಯಾಣದ ನಡುವೆ ಕಾಣೆಯಾದರು. ನಾಲ್ಕು ವರ್ಷ ಎಲ್ಲಿದ್ದರೆಂದು ಮನೆಯವರಿಗೆ ತಿಳಿಯಲಿಲ್ಲ. 1993ರಲ್ಲಿ ಬಿಹಾರದ ಛಪ್ರಾ ಹತ್ತಿರ ದೈನ್ಯ ಸ್ಥಿತಿಯಲ್ಲಿ ಸಿಕ್ಕಾಗ, ಅವರನ್ನು ಚಿಕಿತ್ಸೆಗೆಂದು ಕರೆತಂದದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ. ಅಲ್ಲಿ ಕೆಲವು ವರ್ಷ ಇದ್ದರು. ಆಮೇಲೆ ತಾಯಿ, ಸೋದರರ ಆಸರೆಯಲ್ಲಿ ಬಾಳಿ 2019ರ ನವೆಂಬರ್ 14ರಂದು ಪಟ್ನಾದಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರ ಪದ್ಮಶ್ರೀ ಬಂತು. 1994ರಲ್ಲಿ ಒಬ್ಬ ಗಣಿತಜ್ಞ ಸ್ವೀಡನ್ನಿನ ರಾಜನ ಕೈಯಿಂದ ಪದಕ ಪಡೆಯುವ ಹೊತ್ತಿನಲ್ಲಿ ಮತ್ತೊಬ್ಬ ಗಣಿತಜ್ಞ ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ರೋಗಿಯಾಗಿದ್ದರು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು?

ಅದೇ 1994ರಲ್ಲಿ ನನ್ನ ಮದುವೆಯಾಯಿತು. ಈಗ ಚಿಕ್ಕಮ್ಮನ ಮಾತು.

ನನ್ನ ಚಿಕ್ಕಪ್ಪ, ಎಂದರೆ ನಮ್ಮ ತಂದೆಯ ತಮ್ಮ, ಮೈಸೂರಿನಲ್ಲಿ ಬಿ.ಎಸ್ಸಿ. ಓದಿದವರು. ಲೆಕ್ಕದಲ್ಲಿ ಎತ್ತಿದ ಕೈ. ಮೇಧಾವಿ ಎಂದು ನಾನು ಹೇಳುವುದಿಲ್ಲ, ಬುದ್ಧಿವಂತರು. ಅರಸೀಕೆರೆ ಜಂಕ್ಷನ್ನಿಗೆ ಬರುವ ಹೋಗುವ ರೈಲುಗಳ ವೇಳೆಯೆಲ್ಲ ಬಾಯಿಪಾಠ. ಇಪ್ಪತ್ನಾಲ್ಕರ ಹೊತ್ತಿಗೆ ಒಬ್ಬರೇ ಮಾತಾಡತೊಡಗಿದರು. ಊಟದಲ್ಲಿ ವಿಷ ಹಾಕುತ್ತಿದ್ದಾರೆ ಎಂದು ತಟ್ಟೆ ತಳ್ಳುತ್ತಿದ್ದರು. ತಾಯಿತ ಕಟ್ಟಿಸಿದ್ದಾಯಿತು, ದೆವ್ವ ಬಿಡಿಸಿದ್ದಾಯಿತು. ಆಮೇಲೆ ಮನೆಯ ಹಿರಿಯರೆಲ್ಲ ಸೇರಿ ಕಂಡುಕೊಂಡ ಔಷಧಿ ಎಂದರೆ ಮದುವೆ. 'ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು' ಎಂಬ ಗಾದೆಯನ್ನು ಜನ ನಗುತ್ತಾ ಆಡುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ನಡೆಸಿಯೇ ತೋರಿಸಿದರು. ದೂರದ ಹಳ್ಳಿಯಿಂದ ತಂದೆಯಿಲ್ಲದ ಹುಡುಗಿಯನ್ನು ತಂದರು. ಅವರ ಕಡೆಯವರಿಗೆ ಯಾರೂ ಏನೂ ಹೇಳಲಿಲ್ಲ. ಅಲಿಸಿಯಾ ಕಟ್ಟಿಕೊಂಡಾಗ ನ್ಯಾಶ್‌ನ ಕಾಯಿಲೆ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮ ಕಟ್ಟಿಕೊಂಡಾಗ ಚಿಕ್ಕಪ್ಪನ ಕಾಯಿಲೆ ಎಲ್ಲರಿಗೂ ಗೊತ್ತಿತ್ತು, ಚಿಕ್ಕಮ್ಮನೊಬ್ಬರನ್ನು ಬಿಟ್ಟು.

ಅವರು ಹೊಲಿಗೆ ಕಲಿತರು. ಬೀದಿಯ ಹೆಂಗಸರ ರವಿಕೆ ಹೊಲಿದು, ಚಿಕ್ಕಪ್ಪನನ್ನು ಬಸ್ಸಿನಲ್ಲಿ ನಗರದ ದೊಡ್ಡಾಸ್ಪತ್ರೆಗೆ ಕರೆದೊಯ್ದು ಮಾತ್ರೆ ಹಿಡಿಸಿದವರು ಅವರೇ. ಮಾತ್ರೆಯಿಂದ ಚಿಕ್ಕಪ್ಪ ಬಹಳಷ್ಟು ಸುಧಾರಿಸಿದರು. ನನಗೆ ಎಸ್.ಎಸ್.ಎಲ್.ಸಿ. ಲೆಕ್ಕ ಹೇಳಿಕೊಟ್ಟವರು ಅವರೇ.

1994ರಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಬಂತು. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಪಿಸುಪಿಸು ಮಾತು. ಬೆಳಿಗ್ಗೆ ಏಳುವ ಹೊತ್ತಿಗೆ ಚಿಕ್ಕಮ್ಮ ಬುತ್ತಿ ಕಟ್ಟಿಕೊಂಡು ಸಿದ್ಧವಾಗಿದ್ದರು. "ನಾವಿಬ್ರೂ ಮಾಲೇಕಲ್ಲು ತಿರುಪತಿಗೆ ಹೋಗ್ಬರ್ತೀವಿ ಕಣೆ. ಸಂಜೆವರೆಗೂ ಬರಲ್ಲ. ನೀನು ಯೋಚ್ನೆ ಮಾಡ್ಬೇಡ" ಎಂದರು. ನಾನು ಅಂದು ತೊಟ್ಟ ರವಿಕೆ ಅವರು ಹೊಲಿದದ್ದು. ಬಂದವರು ಉಪ್ಪಿಟ್ಟು ತಿನ್ನುತ್ತಾ, "ಮನೆಯಲ್ಲಿ ಮತ್ತೆ ಯಾರ್ಯಾರಿದ್ದಾರೆ?" ಎಂದು ಕೇಳಿದರು. ಅಪ್ಪ, "ನಾವೇ, ಇಷ್ಟೇ ಜನ" ಎಂದರು. ನಾನು ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಬಿ.ಎ., ಬಿ.ಎಡ್. ಮಾಡಿದವಳು, ಅಷ್ಟು ಹೊತ್ತಿಗೆ ಒಂದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಬಾಯಿ ಬಿಡಲಿಲ್ಲ. ಮದುವೆಯ ಛತ್ರಕ್ಕೆ ಚಿಕ್ಕಪ್ಪ ಬರಲಿಲ್ಲ. ಅವರೊಂದಿಗೆ ಇರಬೇಕಾದ್ದರಿಂದ ಚಿಕ್ಕಮ್ಮನೂ ಬರಲಿಲ್ಲ. ಚಿಕ್ಕಪ್ಪ 2009ರಲ್ಲಿ ತೀರಿಕೊಂಡರು. ಅವರ ವಿಷಯವನ್ನು ನನ್ನ ಯಜಮಾನರಿಗೆ ನಾನು ಪೂರ್ತಿಯಾಗಿ ಹೇಳಿದ್ದು ಆ ಸಿನಿಮಾ ನೋಡಿದ ರಾತ್ರಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ದೊಡ್ಡತ್ತೆ ಮಗಳಿಗೂ ಹಾಗೇ ಇತ್ತು. ನಾವೂ ಹೇಳಿರಲಿಲ್ಲವಲ್ಲ" ಎಂದರು.

ಆಗ ನನಗೆ ಗಣಿತದ ಮೇಡಂ ಹೇಳಿದ ವಾರ್ಷಿಕೋತ್ಸವದ ಮಾತು ಅರ್ಥವಾಯಿತು. ಎರಡೂ ಮನೆಯವರು ಮುಚ್ಚಿಟ್ಟರು. ಬೇರೆಯವರು ಮುಚ್ಚಿಡುವಾಗ ನಾವೊಬ್ಬರೇ ಹೇಳಿದರೆ ನಮ್ಮ ಮಗಳ ಮದುವೆ ನಿಲ್ಲುತ್ತದೆ. ಅದಕ್ಕೇ ಯಾರೂ ಹೇಳುವುದಿಲ್ಲ. ಯಾರೂ ಹೇಳದ್ದರಿಂದ ಪ್ರತಿ ಮನೆಯವರಿಗೂ ಇದು ತಮ್ಮ ಮನೆಯ ಶಾಪ ಎನಿಸುತ್ತದೆ. ಎಲ್ಲರೂ ನಿಂತೇ ಇದ್ದೇವೆ, ಎಲ್ಲರಿಗೂ ಕಾಲುನೋವು. ಇದರ ಭಾರ ಹೊತ್ತವರು ಹೆಚ್ಚಾಗಿ ಹೆಂಗಸರು. 1971ರಲ್ಲಿ 'ಶರಪಂಜರ' ನೋಡಿ ಕರ್ನಾಟಕದ ಹೆಂಗಸರೆಲ್ಲ ಅತ್ತರು. ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರೇ ಮತ್ತೆ ತಳ್ಳುವ ಕಥೆ ಅದು. ಆ ಕಾದಂಬರಿ ಬರೆದ ತ್ರಿವೇಣಿಯವರು ಹುಟ್ಟಿದ್ದು ನ್ಯಾಶ್ ಹುಟ್ಟಿದ 1928ರಲ್ಲೇ. ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು ನಮ್ಮ ಭಾಷೆಯಲ್ಲಿ ಅಷ್ಟು ಮುಂಚೆಯೇ ಹೇಳಿದ್ದಳು. ನಾವು ಚಿತ್ರಮಂದಿರದಲ್ಲಿ ಅತ್ತು, ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡೆವು.

ಈಗ ಕಾನೂನು ಬದಲಾಗಿದೆ. ಮನೋರೋಗಿಗಳ ಹಕ್ಕುಗಳನ್ನು ಹೇಳುವ ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿ ಬಂತು. ಆದರೆ ನೋಡಲು ಬಂದವರೆದುರು ಕಾಫಿ ತಟ್ಟೆ ಹಿಡಿದು ನಿಂತ ಹುಡುಗಿಯ ಬಾಯಿಗೆ ಕಾನೂನು ಮಾತು ಕೊಡಲಾರದು. ಅದನ್ನು ಕೊಡಬೇಕಾದವರು ಹಿರಿಯರಾದ ನಾವು. ಒಬ್ಬರು ಕೂತರೆ ಅವರಿಗೆ ಏನೂ ಕಾಣುವುದಿಲ್ಲ, ನಿಜ. ಆದರೆ ನಾಲ್ಕು ಜನ ಮಾತಾಡಿಕೊಂಡು ಒಟ್ಟಿಗೆ ಕೂತರೆ? ಮುಂದಿನ ಸಾಲಿನವರು ಮೊದಲು ಕೂತರೆ? ನನ್ನ ಮಗಳ ಮದುವೆಯ ಮಾತುಕತೆಯಲ್ಲಿ ಚಿಕ್ಕಪ್ಪನ ವಿಷಯವನ್ನು ನಾವೇ ಮೊದಲು ಹೇಳಿದೆವು. ಒಂದು ಮನೆಯವರು ಆಮೇಲೆ ಫೋನ್ ಮಾಡಲಿಲ್ಲ. ಇನ್ನೊಂದು ಮನೆಯವರು, "ನಮ್ಮಲ್ಲೂ ಒಬ್ಬರಿದ್ದಾರೆ" ಎಂದರು. ಅವರೇ ಈಗ ನಮ್ಮ ಬೀಗರು.

ನ್ಯಾಶ್ ದಂಪತಿಗಳ ಕೊನೆ ನೆನೆದರೆ ಹೊಟ್ಟೆ ಕಿವುಚುತ್ತದೆ. 2015ರ ಮೇ ತಿಂಗಳಲ್ಲಿ ನಾರ್ವೆಯ ಓಸ್ಲೋದಲ್ಲಿ ಗಣಿತಕ್ಕೆ ಕೊಡುವ ಏಬಲ್ ಪ್ರಶಸ್ತಿ ಪಡೆದು ಇಬ್ಬರೂ ಹಿಂದಿರುಗುತ್ತಿದ್ದರು. ಮೇ 23ರಂದು ನ್ಯೂವರ್ಕ್ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಟ್ಯಾಕ್ಸಿ ಅಪಘಾತಕ್ಕೀಡಾಯಿತು. ಆತನಿಗೆ ಎಂಬತ್ತಾರು, ಆಕೆಗೆ ಎಂಬತ್ತೆರಡು. ಇಬ್ಬರೂ ಅಲ್ಲೇ ತೀರಿಕೊಂಡರು. ಮನೆಯಲ್ಲಿ ಕಾಯಿಲೆಯ ಮಗ ಉಳಿದ.

ಆ ದಸರಾ ರಜೆ ಮುಗಿಯುವುದರೊಳಗೆ ನಾನು ಅರಸೀಕೆರೆಗೆ ಹೋದೆ. ಚಿಕ್ಕಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಇಪ್ಪತ್ತೆರಡು ವರ್ಷದ ಮಾತನ್ನು ಹೇಗೋ ತೊದಲಿದೆ. ತಪ್ಪಾಯಿತು ಚಿಕ್ಕಮ್ಮ ಎಂದೆ. ಅವರು ಕೈ ನಿಲ್ಲಿಸಲಿಲ್ಲ.

"ಅವತ್ತಾ? ಅವತ್ತು ನಿಮ್ಮ ಚಿಕ್ಕಪ್ಪಂಗೆ ಬಲೇ ಖುಷಿಯಾಗಿತ್ತು ಕಣೆ. ಬೆಟ್ಟದ ಮೆಟ್ಲೆಲ್ಲಾ ಎಣಿಸ್ಕೊಂಡು ಹತ್ತಿದ್ರು. ನಾನು ಸುಸ್ತಾಗಿ ಕೂತ್ರೆ, ಎಷ್ಟನೇ ಮೆಟ್ಲು ಅಂತ ನೆನಪಿಟ್ಕೋ ಅಂತಿದ್ರು" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖ ನೋಡದೆ, "ನಿನ್ನ ಮದ್ವೆ ನೋಡ್ಬೇಕು ಅಂತ ಮಾತ್ರ ಆಸೆ ಇತ್ತು" ಎಂದರು.

ನಾನು ಏನೂ ಹೇಳಲಿಲ್ಲ. ಮೊರವನ್ನು ನಡುವೆ ಎಳೆದುಕೊಂಡು ಅವರೊಂದಿಗೆ ಅವರೆಕಾಯಿ ಸುಲಿಯಲು ಕೂತೆ.